ರಾನಡೆಯವರ ಮನೆಯ ರಮಾಬಾಯಿ

1873ರಲ್ಲಿ, 31 ವರ್ಷದ ವಿಧುರರೂ ಪುಣೆಯ ನ್ಯಾಯಾಧೀಶರೂ ಆಗಿದ್ದ ಮಹಾದೇವ ಗೋವಿಂದ ರಾನಡೆಯವರ ಕೈಹಿಡಿದು ದೇವರಾಷ್ಟ್ರೆಯ ಕುರ್ಲೇಕರ ಮನೆತನದಿಂದ ಬಂದ 11 ವರ್ಷದ ಬಾಲಿಕೆ ರಮಾಬಾಯಿಗೆ ಓದುಬರಹವೆಂಬುದು ತಿಳಿದಿರಲಿಲ್ಲ. ವಿಧವಾವಿವಾಹವನ್ನು ಸಮರ್ಥಿಸುತ್ತಿದ್ದ ರಾನಡೆಯವರು ವಿಧವೆಯೊಬ್ಬಳನ್ನೇ ವರಿಸುವರೆಂದು ಸುಧಾರಕ ಮಿತ್ರರು ನಿರೀಕ್ಷಿಸಿದ್ದರು. ತಂದೆಯ ಹಟಕ್ಕೆ ಮಣಿದು ಅವರು ಈ ಮಗುವನ್ನು ಮದುವೆಯಾದುದು ಅಂದೇ ಕಟುಟೀಕೆಗೆ ಪಾತ್ರವಾಯಿತು. ಆ ದೌರ್ಬಲ್ಯವನ್ನು ಮರೆಮಾಚಿಯೇ ಅವರ ಹಿರಿಮೆಯನ್ನು ಕಾಪಾಡಬೇಕಾಗಿಲ್ಲ.

ಮದುವೆಯಾದ ದಿನಗಳಲ್ಲಿಯೇ ಪತಿಯು ಪತ್ನಿಗೆ ಅಕ್ಷರಾಭ್ಯಾಸ ಮಾಡಿಸತೊಡಗಿದರು. ಮರಾಠಿಯ ಬಳಿಕ ಇಂಗ್ಲಿಷೂ ಬಂದಿತು. ಆದರೆ ಈ ವಿದ್ಯೆಗೆ ತೆರಬೇಕಾದ ಬೆಲೆಯನ್ನು ತೆತ್ತವರು ಕಲಿಸಿದವರಲ್ಲ, ಕಲಿತವರು. ಹಗಲೆಲ್ಲ ನ್ಯಾಯಾಲಯದಲ್ಲಿಯೂ ಸಾರ್ವಜನಿಕ ಸಭೆಯೆಂಬ ಸಂಸ್ಥೆಯ ಕಾರ್ಯಗಳಲ್ಲಿಯೂ ಮಗ್ನರಾಗಿರುತ್ತಿದ್ದ ಯಜಮಾನರ ಕಿವಿಗೆ ಬೀಳದ ಚುಚ್ಚುಮಾತುಗಳು, ಅಡುಗೆಮನೆಯ ಮಡಿಮೈಲಿಗೆಗಳ ನಡುವೆ ಹಿರಿಯ ಹೆಂಗಸರೊಂದಿಗೆ ದಿನಗಳೆಯಬೇಕಾದ ಸೊಸೆಯ ಕಿವಿಗೆ ತಪ್ಪದೆ ಬೀಳುತ್ತಿದ್ದವು. 1882ರಲ್ಲಿ ಪುಣೆಗೆ ಬಂದ ಇನ್ನೊಬ್ಬ ರಮಾಬಾಯಿ, ವಿದುಷಿ ಪಂಡಿತಾ ರಮಾಬಾಯಿಯವರು, ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದಾಗ, ಅದರಲ್ಲಿ ಸೇರಿದ ರಾನಡೆಯವರ ಪತ್ನಿಗೆ ಮನೆಯೊಳಗಿನ ನಿಂದೆಯೊಂದಿಗೆ ಊರಿನ ನಿಂದೆಯೂ ಪ್ರಾಪ್ತವಾಯಿತು. ಸುಧಾರಣೆಯ ಇತಿಹಾಸವನ್ನು ಸಭೆಗಳ ಠರಾವುಗಳಿಂದ ಮಾತ್ರವೇ ಬರೆಯುವವರು ಈ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಬೇಕೆಂದು ನನಗೆ ತೋರುತ್ತದೆ.

ಸರಕಾರದ ಹಣಕಾಸಿನ ಸಮಿತಿಯ ಕೆಲಸದ ಮೇಲೆ ರಾನಡೆಯವರು ಕಲಕತ್ತೆಯಲ್ಲಿ ನೆಲೆಸಿದ್ದಾಗಿನ ಪ್ರಸಂಗವೊಂದನ್ನು ಪತ್ನಿ ರಮಾಬಾಯಿಯವರೇ ಬರೆದಿಟ್ಟಿದ್ದಾರೆ. ಬಂಗಾಳಿ ಪತ್ರಿಕೆಯನ್ನು ಕೊಂಡ ಪತಿಗೆ ಆ ಲಿಪಿ ಬಾರದೆಂಬುದನ್ನರಿತು ಅವರಿಗೆ ನಗು ಬಂದಿತ್ತು; ಮುಂದೊಂದು ದಿನ ನೋಡಿದರೆ, ಆ ಮಹಾವಿದ್ವಾಂಸರು ಕ್ಷೌರಕ್ಕೆ ಕುಳಿತು, ಕೈಯಲ್ಲಿ ಬಂಗಾಳಿ ಪುಸ್ತಕವನ್ನು ಹಿಡಿದು, ತಿಳಿಯದ ಶಬ್ದಗಳನ್ನು ಕ್ಷೌರಿಕನಿಂದಲೇ ಕೇಳಿ ತಿಳಿಯುತ್ತಿದ್ದರು. ಹೀಗೆ ಕಲಿತುದನ್ನು ಪತ್ನಿಗೂ ಕಲಿಸಿದರು. ಆ ನಗರವನ್ನು ಬಿಡುವ ವೇಳೆಗೆ ಆಕೆ ಬಂಕಿಮಚಂದ್ರರ ‘ವಿಷವೃಕ್ಷ’ವನ್ನು ಓದಬಲ್ಲವರಾಗಿದ್ದರು. ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಬಂಕಿಮರನ್ನು ಪ್ರೀತಿಸಿದ ಕನ್ನಡಿಗರು ಈ ಸಂತೋಷವನ್ನು ಬಲ್ಲರು.

1901ರ ಜನವರಿ 16ರಂದು ರಾನಡೆಯವರು ತೀರಿಕೊಂಡರು. ಮಕ್ಕಳಿಲ್ಲದ ಆ ವಿಧವೆ, ಶೋಕದ ಮೊದಲ ಕಾಲ ಕಳೆದ ಬಳಿಕ, ಸೆರೆಮನೆಯ ಸ್ತ್ರೀಯರನ್ನು ಕಂಡು ಸಂತೈಸುವುದಕ್ಕೂ, 1909ರಲ್ಲಿ ಪುಣೆಯಲ್ಲಿ ಸೇವಾಸದನವೆಂಬ ಮಹಿಳಾ ಸಂಸ್ಥೆಯನ್ನು ನೆಲೆಗೊಳಿಸುವುದಕ್ಕೂ ತೊಡಗಿದರು. ದಾದಿಯ ಕೆಲಸವನ್ನು ಕುಲೀನರು ಹೀನವೆಂದು ಭಾವಿಸುತ್ತಿದ್ದ ಆ ಕಾಲದಲ್ಲಿ, ಮೂಲೆಪಾಲಾಗಿದ್ದ ವಿಧವೆಯರನ್ನು ಆಸ್ಪತ್ರೆಯ ಶಿಕ್ಷಣಕ್ಕೆ ಕಳುಹಿಸಿದ ಧೈರ್ಯವು ಅಡುಗೆಮನೆಯ ನಿಂದೆಯನ್ನು ಅನೇಕ ವರ್ಷ ಮೌನವಾಗಿ ನುಂಗಿದವರಿಗೆ ಮಾತ್ರವೇ ಸಾಧ್ಯವಾದುದೇನೋ. 1924ರಲ್ಲಿ ತಾವು ಕಣ್ಮುಚ್ಚುವವರೆಗೂ ಅವರು ಆ ಕಾರ್ಯವನ್ನು ಬಿಡಲಿಲ್ಲ.

ಈ ನಡುವೆ, 1910ರಲ್ಲಿ, ಅವರ ಮರಾಠಿ ಸ್ಮೃತಿಗ್ರಂಥವು ಪ್ರಕಟವಾಯಿತು. ನಮ್ಮ ಅಜ್ಜಿಯರು ‘ಇವರು’ ಎಂದೋ ‘ನಮ್ಮ ಮನೆಯವರು’ ಎಂದೋ ಹೇಳಿ ಗಂಡನ ಹೆಸರನ್ನು ತಪ್ಪಿಸುತ್ತಿದ್ದಂತೆ, ದೇಶವೆಲ್ಲ ಉಚ್ಚರಿಸುತ್ತಿದ್ದ ಆ ಹೆಸರಿನ ಬದಲು ರಮಾಬಾಯಿಯವರು ‘ಸ್ವತಃ’ ಎಂಬ ಒಂದು ಶಬ್ದವನ್ನು ಬಳಸಿದರು. ಪುಸ್ತಕಕ್ಕೆ ಅವರಿಟ್ಟ ಹೆಸರಿನ ಅರ್ಥ ‘ನಮ್ಮ ಬಾಳಿನ ಕೆಲವು ನೆನಪುಗಳು’ ಎಂದು. ‘ಅವರ ಬಾಳಿನ’ ಎಂದಲ್ಲ, ‘ನನ್ನ ಬಾಳಿನ’ ಎಂದೂ ಅಲ್ಲ.