ನೀರಿನಿಂದ ಕುಸಿದ ಅಗ್ನಿಪರ್ವತ

ಅಗ್ನಿಪರ್ವತವೆಂದೊಡನೆಯೇ ಶ್ರೋತೃಗಳ ಮನಸ್ಸಿಗೆ ಬರುವುದು ಬೆಂಕಿ, ಬೂದಿ, ಕರಗಿ ಹರಿಯುವ ಶಿಲೆ. ಬೆಂಕಿ ಆರಿದ ಮೇಲೆ ಅದರಿಂದ ಭಯವಿಲ್ಲವೆಂದು ನಾವು ಸಹಜವಾಗಿಯೇ ಭಾವಿಸುತ್ತೇವೆ. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಮಧ್ಯ ಅಮೆರಿಕದ ನಿಕರಾಗುವ ದೇಶದ ಒಂದು ಘಟನೆಯಿಂದ ಪರೀಕ್ಷಿಸಿ ನೋಡೋಣ.

ಆ ದೇಶದ ಪಶ್ಚಿಮ ಭಾಗದಲ್ಲಿ ಕಸೀಟ ಎಂಬ ಅಗ್ನಿಪರ್ವತವುಂಟು. 1998ನೆಯ ಅಕ್ಟೋಬರ್ ತಿಂಗಳ ಕಡೆಯ ವಾರದಲ್ಲಿ ಮಿಚ್ ಎಂಬ ಚಂಡಮಾರುತವು ಅಲ್ಲಿ ದಿನಗಟ್ಟಲೆ ಮಳೆಗರೆಯಿತು. 30ನೆಯ ತಾರೀಖು ಬೆಳಿಗ್ಗೆ ಶಿಖರದ ಬಳಿಯ ದಕ್ಷಿಣದ ಇಳಿಜಾರು ಕಳಚಿಕೊಂಡು ಜಾರಿತು. ಅದರ ಮೊರೆತವು ಕೆಳಗಿನ ಜನಕ್ಕೆ ಹೆಲಿಕಾಪ್ಟರುಗಳ ಸದ್ದಿನಂತೆ ಕೇಳಿಸಿತಂತೆ. ದಾರಿಯ ಮಣ್ಣು, ಬಂಡೆ, ಮರಗಳನ್ನು ಕೂಡಿಸಿಕೊಂಡು ಅದು ಕೆಸರಿನ ಮಹಾಪ್ರವಾಹವಾಗಿ ಎಲ್ ಪೊರ್ವೆನೀರ್, ರೊಲಾಂಡೊ ರೊಡ್ರಿಗೆಸ್ ಎಂಬ ಎರಡು ಹಳ್ಳಿಗಳನ್ನು ಅಳಿಸಿಬಿಟ್ಟಿತು. ಎರಡು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಆ ದಿನ ಪರ್ವತವು ಬೆಂಕಿಯನ್ನು ಉಗುಳಿರಲಿಲ್ಲ.

ಹಾಗಾದರೆ ಕಾರಣವೇನು? ಅಗ್ನಿಪರ್ವತವು ಒಂದೇ ಬಂಡೆಯಲ್ಲ. ಲಾವಾ, ಬೂದಿ, ಪುಡಿಗಲ್ಲುಗಳು ಪದರಪದರವಾಗಿ ಸೇರಿದ ರಾಶಿ. ಒಳಗಿನ ಬಿಸಿ ಅನಿಲಗಳೂ ಬಿಸಿನೀರೂ ಬಹುಕಾಲ ಹಾಯ್ದುದರಿಂದ ಕಸೀಟದ ಶಿಲೆಯು ಹಲವೆಡೆ ಜೇಡಿಯಾಗಿ ಮಾರ್ಪಟ್ಟಿತ್ತು. ಮಳೆಯ ನೀರು ಬಿರುಕುಗಳಲ್ಲಿ ಇಳಿಯುತ್ತದೆ. ಜೇಡಿಯ ಪದರವು ಅದನ್ನು ತಡೆಯುತ್ತದೆ. ಅಂತರ್ಜಲದ ಮಟ್ಟವು ಏರುತ್ತದೆ. ನೀರು ಎಣ್ಣೆಯಂತೆ ನುಣುಪುಮಾಡಿ ಮಣ್ಣನ್ನು ಜಾರಿಸುತ್ತದೆಂದು ಹಲವರು ತಿಳಿಯುವುದುಂಟು. ಮುಖ್ಯವಾದ ಕಾರಣವು ಬೇರೆ. ಕಣಗಳ ನಡುವೆ ತುಂಬಿದ ನೀರು ಮೇಲಿನ ಭಾರದಲ್ಲಿ ಒಂದು ಪಾಲನ್ನು ತಾನೇ ಹೊರುತ್ತದೆ. ಆಗ ಕಣಕ್ಕೂ ಕಣಕ್ಕೂ ಇರುವ ಒತ್ತು ಕಡಮೆಯಾಗಿ, ಇಳಿಜಾರನ್ನು ಹಿಡಿದು ನಿಲ್ಲಿಸಿದ್ದ ಘರ್ಷಣೆಯು ಕುಗ್ಗುತ್ತದೆ. ಈ ತತ್ತ್ವವನ್ನು 1920ರ ದಶಕದಲ್ಲಿ ಕಾರ್ಲ್ ಟೆರ್ಜಾಗಿ ಎಂಬ ಇಂಜಿನಿಯರರು ನಿರೂಪಿಸಿದರು.

ಇದು ದೂರದೇಶದ ವೃತ್ತಾಂತವೆಂದು ನಾವು ಸುಮ್ಮನಿರುವಂತಿಲ್ಲ. ದಖ್ಖನ್ ಪ್ರಸ್ಥಭೂಮಿಯ ಕಪ್ಪುಶಿಲೆಯೂ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ನಮ್ಮ ಬೆಳಗಾವಿ, ವಿಜಯಪುರಗಳವರೆಗೂ ಹಬ್ಬಿದೆ. 2014ನೆಯ ಜುಲೈ 30ರಂದು, ಭಾರಿ ಮಳೆಯ ನಡುವೆ, ಪುಣೆ ಜಿಲ್ಲೆಯ ಮಾಳೀಣ ಗ್ರಾಮದ ಮೇಲೆ ಇಂತಹ ಬೆಟ್ಟದ ಕಳಿತ ಮೇಲ್ಪದರವು ಜಾರಿಬಿದ್ದು 150ಕ್ಕೂ ಹೆಚ್ಚು ಜನರು ಮಣ್ಣುಪಾಲಾದರು. ಅಲ್ಲಿ ಬೆಂಕಿಯ ಕಾಲವು ಮುಗಿದು ಯುಗಗಳೇ ಕಳೆದಿದ್ದುವು.

ಆದುದರಿಂದ ಬೆಟ್ಟದ ಬುಡದಲ್ಲಿ ಊರು ಕಟ್ಟುವವರು ಶಿಖರದ ಹೊಗೆಯನ್ನಷ್ಟೇ ನೋಡಿದರೆ ಸಾಲದು. ಮಳೆಯ ಅಳತೆಯನ್ನಿಡುವುದು, ಚರಂಡಿ ತೋಡಿ ನೀರನ್ನು ಹೊರಗೆ ಬಿಡುವುದು, ಇಳಿಜಾರಿನಲ್ಲಿ ಹೊಸ ಬಿರುಕು ಕಂಡೊಡನೆ ಜನರನ್ನು ಸ್ಥಳಾಂತರಿಸುವುದು—ಇವೆಲ್ಲವೂ ನಮ್ಮ ಕೈಯಲ್ಲಿರುವ ಕೆಲಸಗಳು.