ಕುದುರೆಯ ಚಳಿಗೂದಲೂ ಅರಾಸ್ ರಣರಂಗವೂ

ಶೀತದೇಶದ ಕುದುರೆಗೆ ಪ್ರಕೃತಿಯೇ ಕಂಬಳಿಯನ್ನು ಹೊದಿಸುವಳು. ಶರತ್ಕಾಲದಲ್ಲಿ ಹಗಲು ಕುಗ್ಗುತ್ತ ಬಂದಂತೆ ಅದರ ಮೈಮೇಲೆ ನೀಳವೂ ದಟ್ಟವೂ ಆದ ಕೂದಲು ಬೆಳೆಯುವುದು. ಚಳಿ ಹೆಚ್ಚಿದಾಗ ಆ ಕೂದಲು ನಿಮಿರಿ ನಿಂತು ಬೆಚ್ಚಗಿನ ಗಾಳಿಯನ್ನು ತನ್ನೊಳಗೆ ಹಿಡಿದಿಡುವುದು. ಆದರೆ ದುಡಿಯುವ ಕುದುರೆಗೆ ಈ ವರವೇ ಹೊರೆಯಾಗುವುದುಂಟು. ಬೆವರಿನಿಂದ ತೊಯ್ದ ದಟ್ಟಗೂದಲು ಬೇಗನೆ ಆರದು. ಒದ್ದೆಮೈಯಲ್ಲಿ ನಿಂತ ಪ್ರಾಣಿಯು ಶೀತದಿಂದ ಬಳಲುವುದು. ಆದುದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಾಯಗಳಲ್ಲಿ ಈ ಕೂದಲನ್ನು ಕತ್ತರಿಸುವ ರೂಢಿಯು ಬೇರೂರಿತು. ಬೇಟೆಯ ಕುದುರೆಗೆ ಕಾಲುಗಳ ಹಾಗೂ ಜೀನಿನಡಿಯ ಕೂದಲನ್ನುಳಿಸಿ ಮಿಕ್ಕುದನ್ನು ತೆಗೆಯುವರು. ಗಾಡಿಯ ಕುದುರೆಗೆ ಬೆವರು ಹೆಚ್ಚಾಗುವ ಕೊರಳಡಿ, ಹೊಟ್ಟೆಗಳಲ್ಲಿ ಮಾತ್ರ ತೆಗೆಯುವರು. ಹೀಗೆ ಕಿತ್ತುಕೊಂಡುದಕ್ಕೆ ಪ್ರತಿಯಾಗಿ ಕಂಬಳಿ, ಗಾಳಿ ಹೊಗದ ಲಾಯ, ಸಮೃದ್ಧವಾದ ಓಟ್ಸ್ ಧಾನ್ಯ ಇವುಗಳನ್ನು ಒದಗಿಸುವುದು ಒಡೆಯನು ತೀರಿಸಬೇಕಾದ ಋಣವಾಗಿದ್ದಿತು.

ಮೊದಲನೆಯ ಮಹಾಯುದ್ಧದಲ್ಲಿ ಈ ಋಣವು ತೀರದೆ ಹೋಯಿತು. ಫ್ರಾನ್ಸಿನಲ್ಲಿ ಬ್ರಿಟಿಷ್ ಸೈನ್ಯದ ಫಿರಂಗಿ, ಮದ್ದುಗುಂಡು, ಆಹಾರಗಳನ್ನು ಎಳೆಯುತ್ತಿದ್ದ ಲಕ್ಷಾಂತರ ಕುದುರೆ ಹೇಸರಗತ್ತೆಗಳಲ್ಲಿ ಕಜ್ಜಿಯ ರೋಗವು ಹಬ್ಬಿತು. ಅದನ್ನುಂಟುಮಾಡುವ ಸೂಕ್ಷ್ಮವಾದ ಹುಳುವು ದಟ್ಟಗೂದಲಿನ ಮರೆಯಲ್ಲಿ ಅಡಗುವುದು. ಕೂದಲನ್ನು ತೆಗೆದಲ್ಲದೆ ರೋಗವು ಗೋಚರವಾಗದು. ಔಷಧವೂ ಚರ್ಮವನ್ನು ಸರಿಯಾಗಿ ಮುಟ್ಟದು. ಆದುದರಿಂದ ಕುದುರೆಗಳ ಮೈಗೂದಲನ್ನು ಕತ್ತರಿಸಲಾಯಿತು. ಕಾರಣವು ಯುಕ್ತವಾದುದೇ, ಆದರೆ ೧೯೧೬-೧೭ರ ಚಳಿಗಾಲವು ಅತಿ ಕಠೋರವಾಗಿದ್ದಿತು. ನಡುಚಳಿಗಾಲ ಕಳೆದ ಮೇಲೆ ತೆಗೆದ ಚಳಿಗೂದಲು ಆ ವರ್ಷ ಮತ್ತೆ ತುಂಬಿ ಬಾರದು. ಕುದುರೆಗಳು ನಿಂತಿದ್ದುದು ಲಾಯಗಳಲ್ಲಿ ಅಲ್ಲ, ಬಯಲಿನ ಕೆಸರಿನಲ್ಲಿ. ಅದೇ ಸಮಯದಲ್ಲಿ ಹಡಗುಗಳ ಕೊರತೆಯಿಂದ ಅವುಗಳ ಧಾನ್ಯದ ಪಾಲನ್ನೂ ಕಡಮೆಮಾಡಿದ್ದರು.

೧೯೧೭ನೆಯ ಏಪ್ರಿಲ್ ೯ರಂದು ಅರಾಸ್ ನಗರದ ಬಳಿ ಮಹಾಕದನವು ಆರಂಭವಾದಾಗ ಹಿಮವು ಬೀಳುತ್ತಿದ್ದಿತು. ಬತ್ತಲೆಮೈಯ, ಅರೆಹೊಟ್ಟೆಯ ಕುದುರೆಗಳು ಹೂತುಹೋಗುವ ದಾರಿಗಳಲ್ಲಿ ಫಿರಂಗಿಗಳನ್ನೆಳೆದು, ಹಗ್ಗದ ಸಾಲುಗಳಲ್ಲಿ ನಿಂತಲ್ಲೇ ಕುಸಿದು ಸತ್ತುವು. ಆ ಯುದ್ಧದುದ್ದಕ್ಕೂ ಬ್ರಿಟಿಷ್ ಪಕ್ಷವು ಕಳೆದುಕೊಂಡ ಪಶುಗಳು ಸುಮಾರು ೪,೮೪,೦೦೦. ಅವುಗಳಲ್ಲಿ ಶತ್ರುವಿನ ಗುಂಡಿಗೆ ಬಲಿಯಾದುವುಗಳಿಗಿಂತ ರೋಗ, ಚಳಿ, ಬಳಲಿಕೆಗಳಿಗೆ ಬಲಿಯಾದುವೇ ಅಧಿಕ.

ಕತ್ತರಿಯು ಇಲ್ಲಿ ಅಪರಾಧಿಯಲ್ಲ. ಲಾಯದಲ್ಲಿ ಕುದುರೆಯನ್ನು ಕಾಯ್ದ ಉಪಾಯವನ್ನೇ ರಣರಂಗಕ್ಕೆ ಒಯ್ದವರು, ಅದರೊಡನೆ ಲಾಯವನ್ನೂ ಕಂಬಳಿಯನ್ನೂ ಒಯ್ಯಲಾರದೆ ಹೋದರು. ಆ ಕೊರತೆಯ ಬೆಲೆಯನ್ನು ತೆತ್ತುದು ಮಾತುಬಾರದ ಪ್ರಾಣಿ.