ಕ್ರೈಸ್ತ ಸುವಾರ್ತಾ ಸೇವೆ: ಸಾಗರ, ಹೊಸನಗರ, ತೀರ್ಥಹಳ್ಳಿ

ಯೇಸುಕ್ರಿಸ್ತನ ಬದುಕು, ಬೋಧನೆ, ಮರಣ, ಪುನರುತ್ಥಾನಗಳಲ್ಲಿ ತಮಗಿರುವ ನಂಬಿಕೆಯನ್ನು ಇತರರಿಗೂ ತಿಳಿಸಬೇಕೆಂಬುದು ಕ್ರೈಸ್ತರು ಹೊತ್ತ ಕರ್ತವ್ಯ. ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ ಕೊಟ್ಟ ಆಜ್ಞೆಯೇ ಇದಕ್ಕೆ ಆಧಾರ. ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಮೂರು ತಾಲ್ಲೂಕುಗಳಾದ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿಗಳಲ್ಲಿ ಈ ಕೆಲಸಕ್ಕೆ ಕೆಳದಿ ಅರಸರ ಕಾಲಕ್ಕೆ ತಲುಪುವ ಹಿನ್ನೆಲೆಯಿದೆ. ಇಲ್ಲಿನ ಕ್ರೈಸ್ತರು ಸಂಖ್ಯೆಯಲ್ಲಿ ಕಡಿಮೆ. ಇಡೀ ಕರ್ನಾಟಕದಲ್ಲೇ 2011ರ ಜನಗಣತಿಯಂತೆ ಅವರ ಪ್ರಮಾಣ ಶೇ. 1.87. ತಲೆ ಎಣಿಸಿ ಈ ಶ್ರಮವನ್ನು ಅಳೆಯಲು ಹೊರಟರೆ ಅದರ ನಿಜವಾದ ತೂಕ ಸಿಗುವುದಿಲ್ಲ. ಬಂದವರು ಎಷ್ಟು ಕಾಲ ನಿಂತರು, ಯಾರ ಭಾಷೆ ಕಲಿತರು, ಯಾವ ಬಲದ ಆಸರೆಯಿಲ್ಲದೆ ಮಾತನಾಡಿದರು ಎಂಬುದನ್ನು ನೋಡಬೇಕು.

ಕೆಳದಿಯ ಕಾಲ

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಸಾಗರಕ್ಕೆ ಸಮೀಪದ ಇಕ್ಕೇರಿ ಆಗ ಕೆಳದಿಯ ಅರಸ ವೆಂಕಟಪ್ಪ ನಾಯಕನ ರಾಜಧಾನಿ. ದೆಲ್ಲಾ ವಾಲ್ಲೆ ಬಂದದ್ದು ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ. ಹೀಗೆ ಮಲೆನಾಡಿಗೆ ಕ್ರೈಸ್ತರ ಪರಿಚಯವಾದದ್ದು ಮೆಣಸಿನ ವ್ಯಾಪಾರ ಮತ್ತು ರಾಜಕಾರಣದ ಜೊತೆಜೊತೆಗೆ. ಈ ಜೋಡಿಯಿಂದ ಸುವಾರ್ತೆಗೆ ಲಾಭಕ್ಕಿಂತ ಕಷ್ಟವೇ ಹೆಚ್ಚಾಯಿತು. ಶಿವಪ್ಪ ನಾಯಕ 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಗೆದ್ದುಕೊಂಡಾಗ ಕರಾವಳಿಯ ಕ್ರೈಸ್ತರಿಗೆ ಹಡಗಿನವರ ಆಸರೆ ತಪ್ಪಿತು. ಆದರೂ ಅವರು ಉಳಿದರು. ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರ ಬೇಸಾಯದ ಕಸುಬನ್ನು ಕೆಳದಿಯವರು ಮೆಚ್ಚಿಕೊಂಡಿದ್ದರು. 1678ರ ಒಪ್ಪಂದದಲ್ಲಿ ಬಸವಪ್ಪ ನಾಯಕ ಮಿರ್ಜಾನ್, ಭಟ್ಕಳ, ಕಲ್ಯಾಣಪುರ ಮೊದಲಾದ ಕಡೆ ಇಗರ್ಜಿ ಕಟ್ಟಲು ಅನುಮತಿ ಕೊಟ್ಟ. ವೀರಶೈವ ಅರಸೊತ್ತಿಗೆಯೊಂದು ಅನ್ಯಧರ್ಮದ ಪ್ರಾರ್ಥನಾಲಯಕ್ಕೆ ಜಾಗ ಮಾಡಿಕೊಟ್ಟ ಈ ಸಂಗತಿ ನಾಡಿನ ಚರಿತ್ರೆಯಲ್ಲಿ ಇನ್ನಷ್ಟು ಗಮನಕ್ಕೆ ಅರ್ಹ.

ಆ ಹೊತ್ತಿಗೆ ರಾಜಧಾನಿ ಬಿದನೂರಿಗೆ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಸರಿದಿತ್ತು. ರಾಣಿ ಚೆನ್ನಮ್ಮಾಜಿ ಅಲ್ಲಿಂದ ಆಳುತ್ತಿದ್ದಾಗಲೇ, 1681ರಿಂದ 1684ರವರೆಗೆ, ಅವಳ ರಾಜ್ಯದ ಕರಾವಳಿಯಲ್ಲಿ ಗೋವೆಯ ಪಾದ್ರಿ ಜೋಸೆಫ್ ವಾಜ್ ಸೇವೆ ಮಾಡಿದರು. ಬರಿಗಾಲಲ್ಲಿ ಊರೂರು ನಡೆಯುತ್ತಿದ್ದ ಅವರ ಹಿಂದೆ ಸೈನಿಕರಿರಲಿಲ್ಲ, ವರ್ತಕರೂ ಇರಲಿಲ್ಲ. ಅಲ್ಲಿನ ಕ್ರೈಸ್ತರು ಆಗ ಒಳಜಗಳದಲ್ಲಿ ಸಿಕ್ಕಿಕೊಂಡಿದ್ದರು. ಪೋರ್ಚುಗಲ್ ದೊರೆಯ ಪೋಷಣೆಯ ಪಂಗಡ ಒಂದೆಡೆ, ರೋಮ್ ನೇರವಾಗಿ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಇನ್ನೊಂದೆಡೆ. ವಾಜ್ ಮೊದಲು ಕೈಹಾಕಿದ್ದು ಈ ಮನಸ್ತಾಪವನ್ನು ತಣಿಸುವ ಕೆಲಸಕ್ಕೆ. ತಮ್ಮೊಳಗೇ ಕೂಡಿ ಬಾಳಲಾರದವರು ಹೊರಗಿನವರಿಗೆ ಪ್ರೀತಿಯ ಸುದ್ದಿ ಹೇಳುವುದಾದರೂ ಹೇಗೆ? ಮುಂದೆ ಅವರು ಕೂಲಿಯ ವೇಷದಲ್ಲಿ ಲಂಕೆಗೆ ಹೋಗಿ, ಡಚ್ಚರ ಕಿರುಕುಳದ ನಡುವೆ ದುಡಿದು, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

1763ರಲ್ಲಿ ಹೈದರ್ ಅಲಿ ಬಿದನೂರನ್ನು ವಶಪಡಿಸಿಕೊಂಡ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇಗರ್ಜಿಗಳು ನೆಲಸಮವಾದವು, ದಾರಿಯಲ್ಲಿ ಮತ್ತು ಸೆರೆಯಲ್ಲಿ ಅಸಂಖ್ಯ ಜನ ಸತ್ತರು. 1799ರಲ್ಲಿ ಟಿಪ್ಪು ಮಡಿದ ನಂತರ ಬದುಕುಳಿದವರು ಮರಳಿ ಬಂದು ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು.

ಅಕ್ಷರ ಮತ್ತು ಕಾಲ್ನಡಿಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾಟೆಸ್ಟೆಂಟ್ ಮಿಷನರಿಗಳು ಕನ್ನಡವನ್ನೇ ತಮ್ಮ ದುಡಿಮೆಯ ಹೊಲವಾಗಿ ಮಾಡಿಕೊಂಡರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಶ್ರಮಿಸಿದ ಕನ್ನಡ ಬೈಬಲ್ 1831ರಲ್ಲಿ ಪೂರ್ಣವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅಚ್ಚುಕೂಟ, ಶಾಲೆ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಬರೆದರು. 1894ರಲ್ಲಿ ಪ್ರಕಟವಾದ ಅವರ ನಿಘಂಟನ್ನು ಕ್ರೈಸ್ತರಿಗಿಂತ ಹೆಚ್ಚಾಗಿ ಇತರ ಕನ್ನಡಿಗರೇ ಬಳಸಿದ್ದಾರೆ. ಇದನ್ನು ಸುವಾರ್ತೆಯ ಸೋಲು ಎನ್ನುವವರೂ ಇದ್ದಾರೆ. ಕೇಳುವವರ ನುಡಿಯನ್ನು ಅಷ್ಟು ಆಳವಾಗಿ ಗೌರವಿಸಿದ್ದೇ ಒಂದು ಸಾಕ್ಷಿ ಎಂದು ತಿಳಿಯುವುದು ಹೆಚ್ಚು ನ್ಯಾಯ.

ಮೈಸೂರು ಸೀಮೆಯಲ್ಲಿ ಈ ಕೆಲಸ ವೆಸ್ಲಿಯನ್ ಮಿಷನ್ನಿನದು. ಗುಬ್ಬಿ, ತುಮಕೂರು, ಮೈಸೂರುಗಳಂತೆ ಶಿವಮೊಗ್ಗವೂ ಅವರ ಕೇಂದ್ರಗಳಲ್ಲೊಂದಾಗಿತ್ತು. ಅಲ್ಲಿಂದ ಪಶ್ಚಿಮಕ್ಕೆ ಹೋದಷ್ಟೂ ದಾರಿ ಕಠಿಣ. ಆಗುಂಬೆ ಸೇರಿರುವ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಮಳೆಗಾಲವೆಂದರೆ ಹೊಳೆ ದಾಟುವಂತಿಲ್ಲ, ಕಾಡುದಾರಿಯಲ್ಲಿ ಜಿಗಣೆ, ಊರೂರಿಗೆ ಚಳಿಜ್ವರ. ಮನೆಗಳೂ ಬಯಲುಸೀಮೆಯಂತೆ ಒತ್ತೊತ್ತಾಗಿರದೆ ಗದ್ದೆಕೋಗಿನಂಚಿನಲ್ಲಿ ಒಂದೊಂದಾಗಿ ಚದುರಿದ್ದವು. ಬಯಲುಸೀಮೆಯಲ್ಲಿ ಸಂತೆಕಟ್ಟೆಯ ಮೇಲೆ ನಿಂತರೆ ನೂರು ಜನ ಕೇಳುತ್ತಿದ್ದರು. ಇಲ್ಲಿ ಒಂದು ಮನೆಗೆ ಮಾತು ಮುಟ್ಟಿಸಲು ಅರ್ಧ ದಿನ ನಡೆಯಬೇಕಿತ್ತು. ಜಾತ್ರೆಯ ದಿನಗಳನ್ನು ಬಿಟ್ಟರೆ ಜನ ಒಟ್ಟಿಗೆ ಸಿಗುತ್ತಿದ್ದುದೇ ಅಪರೂಪ.

ಈ ಭಾರವನ್ನು ಹೆಚ್ಚಾಗಿ ಹೊತ್ತವರು ಬಿಳಿಯ ದೊರೆಗಳಲ್ಲ, ಉಪದೇಶಿಗಳು. ಇವರು ಕಡಿಮೆ ಸಂಬಳದ ಸ್ಥಳೀಯ ಬೋಧಕರು. ಬೆಳಗ್ಗೆ ಮಕ್ಕಳಿಗೆ ಅಕ್ಷರ ಕಲಿಸುವುದು, ಸಂಜೆ ಮನೆಗಳಲ್ಲಿ ದೇವರ ವಾಕ್ಯ ಓದುವುದು, ರೋಗಿಗಳ ಬಳಿ ಕೂರುವುದು, ಸತ್ತವರನ್ನು ಮಣ್ಣು ಮಾಡುವುದು, ಎಲ್ಲವೂ ಇವರ ಪಾಲಿಗೆ. ಬೈಬಲ್ ಸ್ತ್ರೀಯರು ಎಂದು ಕರೆಸಿಕೊಂಡ ಹೆಂಗಸರು ಗಂಡಸರಿಗೆ ಪ್ರವೇಶವಿಲ್ಲದ ಒಳಮನೆಗಳಿಗೆ ಹೋಗಿ ಓದು ಕಲಿಸಿದರು. ಮಿಷನ್ ವರದಿಗಳಲ್ಲಿ ದೊರೆಗಳ ಹೆಸರು ಸಿಗುವಷ್ಟು ಸುಲಭವಾಗಿ ಇವರ ಹೆಸರು ಸಿಗುವುದಿಲ್ಲ. ಸುವಾರ್ತಾ ಸೇವೆಯ ಚರಿತ್ರೆಯನ್ನು ಸರಿಯಾಗಿ ಬರೆಯಬೇಕಾದರೆ ಇವರಿಂದಲೇ ಆರಂಭಿಸಬೇಕು.

ಕುವೆಂಪು ಕಂಡಂತೆ

ಮಲೆನಾಡಿನ ಮನೆಗಳಿಗೆ ಪಾದ್ರಿಯ ಮಾತು ಹೇಗೆ ತಟ್ಟಿತೆಂಬುದಕ್ಕೆ ಅತ್ಯಂತ ಸೂಕ್ಷ್ಮವಾದ ಚಿತ್ರಣ ಸಿಗುವುದು ಒಂದು ಕಾದಂಬರಿಯಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಸ್ವತಃ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ ಓದಿದವರು. 1967ರಲ್ಲಿ ಬಂದ ಅವರ ‘ಮಲೆಗಳಲ್ಲಿ ಮದುಮಗಳು’ ಹತ್ತೊಂಬತ್ತನೆಯ ಶತಮಾನದ ಕೊನೆಯ ಕಾಲದ್ದು. ಅದರಲ್ಲಿ ತೀರ್ಥಹಳ್ಳಿಯ ಪಾದ್ರಿ ಜೀವರತ್ನಯ್ಯ ಇದ್ದಾರೆ, ಹಳ್ಳಿಗರ ಬಾಯಲ್ಲಿ ಬೀಸೆಕಲ್ಲಾದ ಬೈಸಿಕಲ್ಲಿದೆ, ಹೊಸ ಮತದ ಕಡೆಗೆ ವಾಲುವ ಬೆಟ್ಟಳ್ಳಿಯ ದೇವಯ್ಯಗೌಡನಿದ್ದಾನೆ. ದೇವಯ್ಯನ ಒಲವಿನಲ್ಲಿ ಮೂಢಾಚಾರದ ಮೇಲಿನ ಬೇಸರವಿದೆ, ಹೊಸ ನಾಗರಿಕತೆಯ ಬೆರಗಿದೆ, ಯೌವನದ ಚಾಪಲ್ಯವೂ ಇದೆ. ಅವನು ‘ಕಿಲಿಸ್ತರ ಜಾತಿ’ಗೆ ಸೇರಿಬಿಡುತ್ತಾನೆಂಬ ಸುದ್ದಿಗೆ ಮನೆತನವೇ ನಡುಗುತ್ತದೆ. ಕುವೆಂಪು ಮತಾಂತರವನ್ನು ಮೆಚ್ಚಿದವರಲ್ಲ. ವಿವೇಕಾನಂದರ ಷಿಕಾಗೊ ಭಾಷಣದ ನೆನಪನ್ನೂ ಕಾದಂಬರಿಯೊಳಗೆ ತಂದಿದ್ದಾರೆ. ಆದರೂ ನಂಬಿಕೆ ಬದಲಿಸುವವನ ಮನಸ್ಸಿನಲ್ಲಿ ಎಷ್ಟು ಎಳೆಗಳು ಹೆಣೆದುಕೊಂಡಿರುತ್ತವೆ, ಆ ನಿರ್ಧಾರದ ಬೆಲೆಯನ್ನು ಮನೆಯವರೂ ಹೇಗೆ ತೆರುತ್ತಾರೆ ಎಂಬುದನ್ನು ಅವರು ಕಂಡಷ್ಟು ಸ್ಪಷ್ಟವಾಗಿ ಮಿಷನ್ನಿನ ಬರಹಗಾರರು ಕಂಡಂತಿಲ್ಲ. ಸುವಾರ್ತೆ ಸಾರುವವರು ಅವಶ್ಯವಾಗಿ ಓದಬೇಕಾದ ಪುಸ್ತಕ ಇದು.

ಇಪ್ಪತ್ತನೆಯ ಶತಮಾನ

ಸ್ವಾತಂತ್ರ್ಯದ ನಂತರ ಕ್ರೈಸ್ತ ಸಭೆಗಳ ಸ್ವರೂಪ ಬದಲಾಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡು ವೆಸ್ಲಿಯನ್ನರೂ ಅದರೊಳಗೆ ಸೇರಿದರು. ಶರಾವತಿಯ ವಿದ್ಯುತ್ ಯೋಜನೆಗಳು, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಸಾಗರ ತಾಲ್ಲೂಕಿಗೆ ನಾನಾ ನುಡಿಯ ಕಾರ್ಮಿಕರನ್ನು ಕರೆತಂದವು. ಅವರಲ್ಲಿ ಕ್ರೈಸ್ತರೂ ಇದ್ದರು. ಕರಾವಳಿಯಿಂದ ಕೊಂಕಣಿ ಮನೆತನಗಳು, ಕೇರಳದಿಂದ ಮಲಯಾಳಿ ಕೃಷಿಕರು ಬಂದು ನೆಲೆಸಿದರು. 1988ರಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಟ್ಟು ಶಿವಮೊಗ್ಗ ಕಥೋಲಿಕ ಧರ್ಮಕ್ಷೇತ್ರ ಹುಟ್ಟಿತು. 2007ರಲ್ಲಿ ಸಿರೊ ಮಲಬಾರ್ ಕ್ರೈಸ್ತರಿಗಾಗಿ ಭದ್ರಾವತಿ ಧರ್ಮಕ್ಷೇತ್ರ ಸ್ಥಾಪನೆಯಾಯಿತು.

ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯ ತೀರ್ಮಾನಗಳು ಈ ಸೇವೆಯ ಅರ್ಥವನ್ನೇ ತಿದ್ದಿದವು. ಧರ್ಮಪ್ರಚಾರ ಸಭೆಯ ಸ್ವಭಾವವೇ ಎಂದು ಹೇಳಿದ ದಾಖಲೆ ಮತ್ತು ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂದ ದಾಖಲೆ ಎರಡೂ ಹೊರಬಿದ್ದದ್ದು 1965ರ ಡಿಸೆಂಬರ್ 7ರಂದೇ. ಬಡವರು ಮತ್ತು ಓದಿಲ್ಲದವರ ಮುಂದೆ ಒತ್ತಡದ ಅಥವಾ ಅಯೋಗ್ಯವಾದ ಮನವೊಲಿಕೆ ಸಲ್ಲದೆಂದು ಎರಡನೆಯದು ಬಿಡಿಸಿ ಹೇಳುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟವರು ಎರಡಕ್ಕೂ ದ್ರೋಹ ಬಗೆದಂತೆ.

ಕಾನೂನಿನ ನೆಲೆ

1948ರ ಡಿಸೆಂಬರ್ 6ರಂದು ಸಂವಿಧಾನ ಸಭೆ ಧರ್ಮಪ್ರಚಾರದ ಹಕ್ಕನ್ನು ಚರ್ಚಿಸಿತು. ಸದಸ್ಯ ಲೋಕನಾಥ ಮಿಶ್ರರು ವಿರೋಧಿಸಿದರೂ ಅದು ಉಳಿದು 25ನೆಯ ವಿಧಿಯ ಭಾಗವಾಯಿತು. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವುದು ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು.

ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆಗೆ ಈ ಪ್ರದೇಶದ ನೇರ ನಂಟಿದೆ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಅದನ್ನು ಮಂಡಿಸಿದವರು ತೀರ್ಥಹಳ್ಳಿಯ ಶಾಸಕರೂ ಅಂದಿನ ಗೃಹ ಸಚಿವರೂ ಆದ ಆರಗ ಜ್ಞಾನೇಂದ್ರ. 2022ರ ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಒಪ್ಪಿಗೆಯೊಂದಿಗೆ ಅದು ಕಾಯಿದೆಯಾಯಿತು. ಬಲವಂತ, ವಂಚನೆ, ಆಮಿಷಗಳ ಮತಾಂತರಕ್ಕೆ 3ರಿಂದ 5 ವರ್ಷ ಸೆರೆ, ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೂ ಸೆರೆ ಎಂದು ಅದು ವಿಧಿಸಿತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು. ವಂಚನೆಯ ವಿರುದ್ಧ ಯಾವ ಪ್ರಾಮಾಣಿಕ ಕ್ರೈಸ್ತನ ತಕರಾರೂ ಇರಲಾರದು. ಆದರೆ ಅಂತರಂಗದ ನಿರ್ಧಾರವನ್ನು ಕಚೇರಿಯ ಮುಂದೆ ಇಡಬೇಕೆಂಬ ನಿಯಮವೂ, ಶಾಲೆ ಮತ್ತು ಆಸ್ಪತ್ರೆಯ ಸೇವೆಯನ್ನೂ ಆಮಿಷವೆಂದು ಶಂಕಿಸಲು ಸಿಕ್ಕ ಅವಕಾಶವೂ ಸಭೆಗಳನ್ನು ಕಳವಳಕ್ಕೆ ದೂಡಿದವು. ಮನೆಯಲ್ಲಿ ನಾಲ್ವರು ಸೇರಿ ಪ್ರಾರ್ಥಿಸಲೂ ಹಿಂಜರಿಯುವ ಸ್ಥಿತಿ ಯಾವ ಪ್ರಜೆಗೂ ಬರಬಾರದು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯನವರ ಸಚಿವ ಸಂಪುಟ ಈ ಕಾಯಿದೆಯನ್ನು ರದ್ದುಗೊಳಿಸಲು ತೀರ್ಮಾನಿಸಿತು.

ಇಂದು ಕಥೋಲಿಕ ಧರ್ಮಕೇಂದ್ರಗಳಲ್ಲಿ ಸುವಾರ್ತೆಯ ಹೊಣೆಯ ಬಹುಭಾಗ ಭಾನುವಾರದ ಧರ್ಮೋಪದೇಶ ತರಗತಿ ಮತ್ತು ನೆರೆಮನೆಗಳ ಪ್ರಾರ್ಥನಾ ಕೂಟಗಳ ಮೂಲಕ ಸಾಗುತ್ತದೆ. ಮನೆಯಲ್ಲಿ ಕೊಂಕಣಿ, ತಮಿಳು ಅಥವಾ ಮಲಯಾಳಂ ಆಡುವ ಮಕ್ಕಳು ಅಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಕಲಿಯುತ್ತಾರೆ.